ಹೆಗಲಿಗೇರಿದ ಬೂಟು

ಅವ್ವಾ,

ಸಮಸ್ತ ಬಹಿಯಾ ಪ್ರಾಂತ್ಯದ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ನಿನ್ನ ಮಗ ಬೂಟು ಕೊಂಡಿದ್ದಾನೆ! ಗುಲಾಮರು ಬೂಟು ಹಾಕುವಂತಿಲ್ಲ; ಬಿಡುಗಡೆಯಾದ ನಾನೂ ಹಾಕದಿದ್ದರೆ ಸ್ವತಂತ್ರನೆಂದು ಯಾರು ನಂಬುತ್ತಾರೆ? ಆದರೆ ಮೂವತ್ತು ವರ್ಷ ಕಬ್ಬಿನ ಗದ್ದೆ ತುಳಿದು ಅಗಲವಾದ ಈ ಹಾಳು ಪಾದಗಳು ಒಳಗೆ ಹೋಗಬೇಕಲ್ಲ! ಇವತ್ತು ಗುಲಾಮಗಿರಿಯ ವಿರುದ್ಧ ಭಾಷಣ ಮಾಡಲು ಬೂಟನ್ನು ಹೆಗಲಿಗೆ ನೇತುಹಾಕಿಕೊಂಡೇ ಹೋದೆ.

"ಏನಣ್ಣಾ, ಹೆಗಲ ಅಳತೆಗೇ ಹೊಲಿಸಿದ್ಯಾ?" ಅಂದಳು ಅಕರಜೆ ವಡೆ ಕರಿದು ಮಾರುವ ಜೆಫೆರಿನಾ. ಸಭೆಯೆಲ್ಲ ನಕ್ಕಿತು. "ಸುಮ್ನಿರೇ ಮಾರಾಯ್ತಿ!" ಅಂದೆ.

"ಹೋಗ್ಲಿ, ನಿಮ್ಮವ್ವಂಗೂ ಒಂದು ಜೊತೆ ಹೊಲಿಸು."

ಎರಡು ಗಂಟೆ ಗುಡುಗಿ ಮುಗಿಸಿದವನೇ ನೇರ ಚಮ್ಮಾರನ ಬಳಿ ಹೋಗಿ ನಿನಗೂ ಒಂದು ಜೊತೆ ಹೇಳಿದೆ. ನಿನ್ನನ್ನು ಯಾವ ಕಾಫಿ ತೋಟಕ್ಕೆ ಮಾರಿದರೋ, ಈ ಕಾಗದಕ್ಕೆ ಯಾವ ವಿಳಾಸ ಬರೆಯಲಿ?

ಚಮ್ಮಾರನೋ, ಅಳತೆ ಕೊಡು ಅಂತ ತಲೆ ತಿನ್ನುತ್ತಿದ್ದಾನೆ. ಒಂದು ಹಾಳೆಯ ಮೇಲೆ ನಿಂತು, ಪಾದದ ಸುತ್ತ ಇದ್ದಿಲಿನಿಂದ ಗೆರೆ ಎಳೆದಿಡವ್ವ. ಸ್ವಲ್ಪ ಅಗಲವಾಗೇ ಎಳಿ.