ಹನ್ನೆರಡನೆಯ ಹುಡುಗಿ

ಸಂತಪುರ
೨೦ ಏಪ್ರಿಲ್ ೨೦೧೬, ಬುಧವಾರ ಮಧ್ಯಾಹ್ನ

ಪ್ರೀತಿಯ ಯಶೋಧರಾಳ ಪಪ್ಪಾ ಅವರಿಗೆ,

ಕೌಸಲ್ಯಾಳ ಜೈಭೀಮ. ನಿಮ್ಮ ಸೊಂಟದ ನೋವು ಹೇಗಿದೆ? ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಶೀಷೆಯನ್ನು ಹಾಗೇ ಗೂಡಿನಲ್ಲಿ ಇಟ್ಟಿದ್ದೀರೋ? ಪುಣೆಯಲ್ಲಿ ನಮ್ಮಷ್ಟು ಬಿಸಿಲಿಲ್ಲ ಎಂದು ಫೋನಿನಲ್ಲಿ ಹೇಳುತ್ತೀರಿ. ಸ್ಲ್ಯಾಬಿನ ಮೇಲೆ ನಿಂತು ಸೆಂಟ್ರಿಂಗ್ ಕಟ್ಟುವವರಿಗೆ ಎಲ್ಲಾ ಊರಿನ ಬಿಸಿಲೂ ಒಂದೇ ಎಂದು ನನಗೆ ತಿಳಿಯದೇ? ತಲೆಗೆ ಟವೆಲ್ ಸುತ್ತಿಕೊಂಡೇ ಮೇಲೆ ಹತ್ತಿರಿ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀವು ಹಾಂ ಹಾಂ ಅನ್ನುತ್ತೀರಿ, ಹಿಂದೆ ಕಾಂಕ್ರೀಟ್ ಮಿಕ್ಸರ್ ಗರಗರ ಅನ್ನುತ್ತದೆ, ಅಷ್ಟರಲ್ಲಿ ಮಾತು ಮುಗಿಯುತ್ತದೆ. ಅದಕ್ಕೇ ಕಾಗದ. ನಿಮ್ಮ ತಮ್ಮ ಪಂಢರಿ ಸಂಜೆಯ ಬಸ್ಸಿಗೆ ನಿಮ್ಮ ಹತ್ತಿರವೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಂಗನವಾಡಿಯ ಮಕ್ಕಳು ಉಂಡು ಮನೆಗೆ ಹೋದರು. ನಾಲ್ಕು ಗಂಟೆಯವರೆಗೆ ನನಗೆ ಬೇರೆ ಕೆಲಸವಿಲ್ಲ. ನಾಲ್ಕಕ್ಕೆ ಏನಿದೆ ಎಂದು ಕೆಳಗೆ ಹೇಳುತ್ತೇನೆ, ಮೊದಲು ಮನೆಯ ಸುದ್ದಿ ಕೇಳಿ.

ಅತ್ತೆಯವರು ಗಟ್ಟಿಯಾಗಿದ್ದಾರೆ. ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ. ಅದು ಬಂದರೆ ಊರಿನ ಹೆಂಗಸರೆಲ್ಲ ಒಬ್ಬರನ್ನೊಬ್ಬರು ನೂಕಿಕೊಂಡು ಓಡುತ್ತೇವೆ, ಅತ್ತೆಯವರು ಮಾತ್ರ ಕೊಡ ಸೊಂಟಕ್ಕಿಟ್ಟು ನಿಧಾನವಾಗಿ ನಡೆದು ಬಂದು ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ. ಅದು ಹೇಗೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಲಾತೂರಿಗೆ ರೈಲಿನಲ್ಲಿ ನೀರು ಬರುತ್ತಿದೆಯಂತೆ, ನಮಗೆ ಅಷ್ಟು ದೊಡ್ಡಸ್ತಿಕೆ ಇನ್ನೂ ಬಂದಿಲ್ಲ. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ, ಎಲ್ಲರೂ ಪುಣೆ, ಹೈದರಾಬಾದ್ ಎಂದು ಹೋಗಿದ್ದಾರೆ. ಆದರೂ ಸುಳ್ಳೇಕೆ ಹೇಳಲಿ, ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಗು ಹೆಚ್ಚು. ಮಗಳು ದೇಶದ ತಂಡಕ್ಕೆ ಆಡಬಹುದು ಅನ್ನುವ ಮಾತು ಮನೆಯಲ್ಲಿದ್ದರೆ ಎರಡು ಕೊಡ ನೀರಿನಲ್ಲೂ ದಿನ ಸಾಗುತ್ತದೆ.

ಹೋದ ವಾರ ಭೀಮ ಜಯಂತಿಗೆ ಹಾಕಿದ ಪೆಂಡಾಲನ್ನು ಇನ್ನೂ ಬಿಚ್ಚಿಲ್ಲ. ಬಿಚ್ಚುವ ಹುಡುಗರು ಮಾರನೇ ದಿನವೇ ಕೆಲಸಕ್ಕೆ ಹೋಗಿಬಿಟ್ಟರು. ಅದರ ನೆರಳಿನಲ್ಲಿ ಉಳಿದ ಗಂಡಸರೆಲ್ಲ ಕುಳಿತು ದೇಶದ ರಗ್ಬಿ ತಂಡ ಆರಿಸುತ್ತಿದ್ದಾರೆ. ನಗಬೇಡಿ. ಹೊಲದಲ್ಲಿ ಕೆಲಸವಿಲ್ಲ, ಬಿತ್ತಲು ಹಸಿಯಿಲ್ಲ, ಇನ್ನೇನು ಮಾಡುತ್ತಾರೆ? ಮೊದಮೊದಲು ಇವರಲ್ಲಿ ಒಬ್ಬರಿಗೂ ಆ ಆಟ ತಿಳಿದಿರಲಿಲ್ಲ. ಮುಂದಕ್ಕೆ ಓಡುತ್ತಾ ಚೆಂಡನ್ನು ಹಿಂದಿನವರಿಗೆ ಕೊಡಬೇಕು ಎಂದರೆ, ಇದೆಂಥ ತಲೆಕೆಟ್ಟ ಆಟ ಎಂದಿದ್ದರು. ಅತ್ತೆಯವರಂತೂ ಆ ಉದ್ದನೆಯ ಚೆಂಡನ್ನು ಇವತ್ತಿಗೂ ಖರಬೂಜ ಅನ್ನುತ್ತಾರೆ. ಪಂಢರಿಯ ಮೊಬೈಲಿನಲ್ಲಿ ನಾಲ್ಕು ಆಟ ನೋಡಿದ ಮೇಲೆ ಈಗ ಎಲ್ಲರೂ ಕೋಚ್‌ಗಳೇ. ಹದಿನೆಂಟರೊಳಗಿನ ಹೆಣ್ಣುಮಕ್ಕಳ ತಂಡ ಮುಂದಿನ ತಿಂಗಳು ಏಷ್ಯಾದ ದೊಡ್ಡ ಪಂದ್ಯಾವಳಿಗೆ ಹೋಗಬೇಕು. ಮುಂಬೈ ಶಿಬಿರದಲ್ಲಿ ಇಪ್ಪತ್ತು ಹುಡುಗಿಯರಿದ್ದಾರೆ, ಹೋಗುವವರು ಹನ್ನೆರಡು. ಹನ್ನೊಂದು ಹೆಸರು ಹೆಚ್ಚುಕಡಿಮೆ ಗಟ್ಟಿಯಾಗಿವೆ ಎಂದು ಶಿಬಿರದಲ್ಲಿ ಜೊತೆಗಿರುವ ಆಬೇದಾ ಮೇಡಂ ಹೇಳಿದರು. ಭಾಲ್ಕಿಯ ಹಾಸ್ಟೆಲ್ಲಿನಲ್ಲಿ ಮಕ್ಕಳಿಗೆ ಈ ಆಟ ಹಚ್ಚಿದವರು ಅವರೇ ಅಲ್ಲವೇ, ಅವರ ಮಾತು ಸುಳ್ಳಾಗುವುದಿಲ್ಲ. ಹನ್ನೆರಡನೆಯ ಜಾಗಕ್ಕೆ ಉಳಿದವರು ಇಬ್ಬರು. ಒಬ್ಬಳು ನಮ್ಮ ಯಶೋಧರಾ, ಇನ್ನೊಬ್ಬಳು ಅವಳ ಜೀವದ ಗೆಳತಿ, ಭಾಲ್ಕಿಯ ಮರಿಯಮಬೀಯವರ ಮಗಳು ಗೌಹರ.

ಇನ್ನು ಕೇಳಬೇಕೇ, ಪೆಂಡಾಲು ಎರಡು ಪಾಲಾಯಿತು. ಕಿರಾಣಿ ಅಂಗಡಿಯ ಮನ್ಮಥಪ್ಪನವರು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಇದಕ್ಕೆಂದೇ ಬರುತ್ತಾರೆ. ವಯಸ್ಸಿನಲ್ಲಿ ಕಬಡ್ಡಿ ಆಡಿದವರು, ಅವರ ಲೆಕ್ಕವೆಲ್ಲ ಹಿಡಿಯುವುದು, ಕೆಡವುವುದು. “ಓಡೋರು ತಂಡದಾಗ ಸಾಕಷ್ಟು ಮಂದಿ ಅದಾರ. ಎದುರಿನಕಿನ್ನ ಹಿಡಿದು ಕೆಡವೋರು ಯಾರದಾರ ಹೇಳ್ರಿ? ಗೌಹರನ್ನ ಬಿಟ್ಟು ಹೋದ್ರ ಮೂರು ದಿನದಾಗ ತಿರುಗಿ ಬರ್ತಾರ ನೋಡ್ರಿ” ಎಂದು ನಮ್ಮ ಪೆಂಡಾಲಿನಲ್ಲೇ ಕುಳಿತು, ನಮ್ಮ ಮನೆಯ ಚಹಾ ಕುಡಿಯುತ್ತಾ, ನಮ್ಮ ಮಗಳ ವಿರುದ್ಧ ಹೇಳಿದರು. ಪಂಢರಿಗೆ ಮೂಗಿನ ತುದಿಯಲ್ಲೇ ಸಿಟ್ಟು. “ಯಾರ ಕೈಗೂ ಸಿಗದಂಗ ಓಡೋಕಿ ಇದ್ದಾಗ ಕೆಡವೋ ಮಾತೇ ಯಾಕ್ರೀ?” ಎಂದ. ಒಡಿಶಾದ ಆ ಗಿಡ್ಡ ಹುಡುಗಿಯನ್ನೇ ತೆಗೆದು ಇಬ್ಬರಿಗೂ ಜಾಗ ಮಾಡಬೇಕು ಎಂದು ಒಬ್ಬರು, ಬೀದರಿನಿಂದಲೇ ಇಬ್ಬರನ್ನು ಒಯ್ದರೆ ಬೆಂಗಳೂರಿನವರು ಸುಮ್ಮನಿರುತ್ತಾರೆಯೇ ಎಂದು ಇನ್ನೊಬ್ಬರು. ಆ ಒಡಿಶಾದ ಹುಡುಗಿ ಇವರಿಗೇನು ಮಾಡಿದ್ದಳೋ ಪಾಪ. ಅತ್ತೆಯವರನ್ನು ಕೇಳಿದರೆ ಅವರು ಯಾವ ಕಡೆಗೂ ವಾಲಲಿಲ್ಲ. ಇಬ್ಬರೂ ಮುಂಬೈಗೆ ಹೊರಟ ದಿನ ಬುದ್ಧವಿಹಾರದಲ್ಲಿ ಕೈಮುಗಿಸಿ ಕರೆತಂದು ಇಬ್ಬರಿಗೂ ಉಡಿ ತುಂಬಿದ್ದರಲ್ಲ, “ಉಡಿ ತುಂಬಿದ ಮ್ಯಾಲ ಇಬ್ಬರೂ ನಮ್ಮ ಮನಿ ಹೆಣ್ಣುಮಕ್ಕಳೇ, ನನ್ನ ಕೇಳಬ್ಯಾಡ್ರಿ” ಎಂದು ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತು ಇವರ ಜಗಳ ಕೇಳುತ್ತಾ ನಕ್ಕಿದ್ದೇ ನಕ್ಕಿದ್ದು.

ಆ ನಗು ನಿನ್ನೆ ಸಂಜೆಗೆ ನಿಂತಿತು. ನಾಲ್ಕು ಗಂಟೆಯ ಮಾತು ಈಗ ಹೇಳುತ್ತೇನೆ. ಶಿಬಿರದ ಡಾಕ್ಟರರು ಎಲ್ಲ ಹುಡುಗಿಯರನ್ನೂ ಪರೀಕ್ಷೆ ಮಾಡುವಾಗ ಯಶೋಧರಾಳ ಎಡಭುಜದ ಮೇಲಿನ ಚುಟಿಗಿಯ ಗುರುತು ನೋಡಿದ್ದಾರೆ. ಬೇರೆ ಊರಿನ ಡಾಕ್ಟರರಾಗಿದ್ದರೆ ಸುಟ್ಟ ಕಲೆ ಎಂದು ಬಿಡುತ್ತಿದ್ದರು. ಈಯಮ್ಮ ಸೋಲಾಪುರದ ಕಡೆಯವರು. ಕಾಯಿಸಿದ ಕಬ್ಬಿಣದಿಂದ ನಮ್ಮ ಸೀಮೆಯಲ್ಲಿ ಯಾರು, ಎಲ್ಲಿ, ಏತಕ್ಕೆ ಚುಟಿಗಿ ಹಾಕುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಎಲುಬು ಕೂರಿಸುವವರ ಗುರುತಲ್ಲವೇ ಇದು, ಭುಜ ಯಾವಾಗಲಾದರೂ ಜಾರಿತ್ತೇ ಎಂದು ಕೇಳಿದರಂತೆ. ಇವಳು, ಕೂಸಾಗಿದ್ದಾಗ ಜ್ವರಕ್ಕೆ ಹಾಕಿದ್ದು ಅಂದಳಂತೆ. ಡಾಕ್ಟರರು ನಂಬಿದರೋ ಬಿಟ್ಟರೋ, ಹುಡುಗಿಗೆ ಇನ್ನೂ ಹದಿನೇಳು ವರ್ಷ, ತಾಯಿಯನ್ನೇ ಕೇಳುತ್ತೇನೆ ಎಂದಿದ್ದಾರೆ. ಇವತ್ತು ನಾಲ್ಕು ಗಂಟೆಗೆ ಅವರ ಫೋನು ನನಗೆ ಬರುತ್ತದೆ. ಹಿಂದೆ ಜಾರಿದ ಭುಜವಾಗಿದ್ದರೆ ಈ ಪಂದ್ಯಾವಳಿಗೆ ಬಿಡುವುದಿಲ್ಲವಂತೆ. ಇಷ್ಟು ಹೇಳಿ ಮಗಳು ನಿನ್ನೆ ಫೋನಿನಲ್ಲಿ ಅತ್ತಳು. “ಅವ್ವಾ, ಕೂಸಿದ್ದಾಗಿಂದು ಅಂತ ಒಂದ್ ಮಾತು ಹೇಳು. ನಿನ್ನ ಕಾಲಿಗೆ ಬೀಳ್ತೇನಿ” ಎಂದಳು. ಮುಟ್ಟಿದರೆ ಸಿಡಿಯುವ ಹುಡುಗಿ, ಹಾಗೆ ಬೇಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಯಶೋಧರಾ, ಗೌಹರ ಇಬ್ಬರೂ ಆಡುವಾಗ ಇವಳು ಬಿದ್ದು ಭುಜ ಜಾರಿದ್ದು ನಿಮಗೆ ನೆನಪಿದೆ. ನಾನು ಬೀದರಿನ ಆಸ್ಪತ್ರೆಗೆ ಹೋಗೋಣ ಎನ್ನುವಷ್ಟರಲ್ಲಿ ಅತ್ತೆಯವರು ಸಾಯಗಾಂವದ ಹಾವಗೆಪ್ಪನವರ ಹತ್ತಿರ ಕರೆದುಕೊಂಡು ಹೋಗಿ ಎಲುಬು ಕೂರಿಸಿ, ಚುಟಿಗಿ ಹಾಕಿಸಿಕೊಂಡು ಬಂದರು. ಅವರು ಕೂರಿಸಿದ ಎಲುಬು ಮತ್ತೆ ಅಲುಗುವುದಿಲ್ಲ ಎಂದು ನೀವೂ ಅಂದಿರಿ, ನಾನೂ ನಂಬಿದೆ. ಒಂದು ಎಕ್ಸ್‌ರೇ ಫೋಟೋ ತೆಗೆಸಲಿಲ್ಲ, ಡಾಕ್ಟರಿಗೆ ತೋರಿಸಲಿಲ್ಲ. ಚುಟಿಗಿ ಬಿದ್ದ ಮೇಲೆ ಆಸ್ಪತ್ರೆಗೆ ಹೋದರೆ ಹಾಕಿದವರ ಕೈಗೆ ಅವಮಾನ ಎನ್ನುವವರು ನಾವು. ನಿಮಗೆ ತಿಳಿಯದ ಮಾತು ಇನ್ನೊಂದಿದೆ. ನೀವು ಪುಣೆಗೆ ಹೋದ ಮೇಲೆ, ದೀಪಾವಳಿಯ ಹೊತ್ತಿಗೆ, ಹಾಸ್ಟೆಲ್ಲಿನಲ್ಲಿ ಅದೇ ಭುಜ ಇನ್ನೊಮ್ಮೆ ಜಾರಿತ್ತು. ಗೌಹರಳೇ ಹಿಡಿದೆಳೆದು ಸರಿಮಾಡಿದ್ದಳು. ಮನೆಗೆ ಬಂದಾಗ ಎಡಗೈ ಮೇಲೆತ್ತಿ ತನ್ನ ಜಡೆ ತಾನು ಹಾಕಿಕೊಳ್ಳಲಾಗದೆ ನನ್ನ ಮುಂದೆ ಬೆನ್ನು ಮಾಡಿ ಕುಳಿತಳಲ್ಲ, ಆಗ ನನಗೆ ತಿಳಿಯಿತು. ಕೇಳಿದ್ದಕ್ಕೆ ಹೇಳಿದಳು, ಪಪ್ಪಾಗೆ ಹೇಳಬೇಡ ಎಂದೂ ಹೇಳಿದಳು.

ಈಗ ಪೆಂಡಾಲಿನಲ್ಲಿ ಎರಡು ಪಾಲಿಲ್ಲ, ಎಲ್ಲರೂ ಒಂದಾಗಿದ್ದಾರೆ. ಕೂಸಾಗಿದ್ದಾಗಿನದು ಎಂದುಬಿಡು, ಅಲ್ಲಿಯವರೇನು ನೋಡಲು ಬಂದಿದ್ದರೇ ಅನ್ನುತ್ತಾರೆ. ನಿನ್ನೆಯವರೆಗೆ ಗೌಹರಳ ಪರವಾಗಿದ್ದ ಮನ್ಮಥಪ್ಪನವರೂ, “ಆಟದಾಗ ಸೋತು ಬಂದ್ರ ಬ್ಯಾರೆ ಮಾತು ತಂಗಿ, ಚುಟಿಗಿ ಸಲುವಾಗಿ ಮನಿಗಿ ಬರಬಾರದು” ಎಂದರು. ಅತ್ತೆಯವರು ಬೆಳಗಿನಿಂದ ನನ್ನ ಹಿಂದೆಯೇ ತಿರುಗುತ್ತಿದ್ದಾರೆ. ಇನ್ನು ಮರಿಯಮಬೀಯವರು. ಭಾಲ್ಕಿಯಿಂದ ಬೆಳಿಗ್ಗೆ ಫೋನು ಮಾಡಿದ್ದರು. ಆ ಡಾಕ್ಟರರು ಗೌಹರಳನ್ನೂ ಕೇಳಿದರಂತೆ, ನೀವಿಬ್ಬರೂ ಒಂದೇ ಕೋಣೆಯಲ್ಲಿದ್ದವರು, ಇವಳ ಭುಜ ಜಾರಿದ್ದನ್ನು ನೋಡಿದ್ದೀಯಾ ಎಂದು. ಹೌದು ಅಂದಿದ್ದರೆ ಹನ್ನೆರಡನೆಯ ಜಾಗ ಆ ಕ್ಷಣವೇ ಅವಳದಾಗುತ್ತಿತ್ತು. ಇಲ್ಲ ಅಂದಿದ್ದಾಳೆ. “ಆ ಪೋರಿ ಹೇಳಿಲ್ಲಾಂದ್ರ ನಾ ಹ್ಯಾಂಗ ಹೇಳಲೀವಾ? ನನ್ನ ಕೇಳಿದ್ರ ನನಗೇನೂ ಮಾಲೂಮ್ ಇಲ್ಲ ಅಂತೇನಿ. ನೀ ಫಿಕರ್ ಮಾಡಬ್ಯಾಡ” ಎಂದರು ಮರಿಯಮಬೀ. ಅವರು ಫೋನಿಟ್ಟ ಮೇಲೆ ನಾನು ಅಂಗನವಾಡಿಯ ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಎಂಥ ಜನರ ನಡುವೆ ನಮ್ಮ ಮಗಳು ಬೆಳೆಯುತ್ತಿದ್ದಾಳೆ ಎಂದು ಸಂತೋಷಕ್ಕೆ ಅತ್ತೆನೋ, ಎಲ್ಲರೂ ಸೇರಿ ನನ್ನೊಬ್ಬಳ ತಲೆಯ ಮೇಲೆ ಇದನ್ನು ಇಟ್ಟರಲ್ಲ ಎಂದು ಅತ್ತೆನೋ, ನನಗೇ ತಿಳಿಯಲಿಲ್ಲ.

ನೀವು ಇಲ್ಲಿದ್ದಿದ್ದರೆ ಏನು ಅನ್ನುತ್ತಿದ್ದಿರಿ ಎಂದು ಯೋಚಿಸಿದೆ. ನೀವು ಎರಡು ಬೀಡಿ ಸೇದಿ, ನಿನಗೆ ತಿಳಿದದ್ದು ಮಾಡು ಅನ್ನುತ್ತಿದ್ದಿರಿ. ಹಾಗಾದರೆ ನೀವು ಇದ್ದರೇನು, ಇಲ್ಲದಿದ್ದರೇನು? ಸಿಟ್ಟಾಗಬೇಡಿ, ಇದ್ದಿದ್ದರೆ ಪಕ್ಕದಲ್ಲಿ ಕುಳಿತಿರುತ್ತಿದ್ದಿರಿ, ಅಷ್ಟೇ ಸಾಕಿತ್ತು. ಮಗಳು ನೀಲಿ ಅಂಗಿ ಹಾಕಿಕೊಂಡು ಟಿವಿಯಲ್ಲಿ ಕಾಣುವುದನ್ನು ಒಂದು ತಿಂಗಳಿಂದ ಮನಸ್ಸಿನಲ್ಲೇ ನೋಡುತ್ತಿದ್ದೇನೆ. ಅದು ಬೇಡ ಅನ್ನಲು ನನಗೇನು ಹುಚ್ಚೇ? ಆದರೆ ಆ ಭುಜ ಮೂರನೆಯ ಸಲ ಜಾರಿದರೆ ಏನಾಗುತ್ತದೆ ಎಂದು ಹೇಳುವವರು ಪೆಂಡಾಲಿನಲ್ಲಿ ಒಬ್ಬರೂ ಇಲ್ಲ. ಅಲ್ಲಿ ಎದುರಿಗೆ ಬರುವವರು ಕೆರೆಯಂಗಳದ ಹುಡುಗಿಯರಲ್ಲ, ಮೈತುಂಬಿದ ಗಟ್ಟಿ ಹುಡುಗಿಯರು.

ಮೂರೂವರೆಯಾಯಿತು. ಪಂಢರಿಯ ಚೀಲದಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟಿದ್ದೇನೆ, ಇಬ್ಬರೂ ಹಂಚಿಕೊಂಡು ತಿನ್ನಿ. ಪಂಢರಿ ಈ ಕೆಲಸಕ್ಕೆ ಹೊಸಬ, ಮೊದಲ ವಾರ ಅವನನ್ನು ಎತ್ತರಕ್ಕೆ ಹತ್ತಿಸಬೇಡಿ. ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಬೀಡಿ ಕಡಿಮೆ ಮಾಡು ಎಂದೂ ತಿಳಿಸಿದ್ದಾರೆ. ಮೊದಲ ಮಳೆ ಬಿದ್ದ ಕೂಡಲೇ ಊರಿಗೆ ಬರುತ್ತೇನೆ ಎಂದು ಹೇಳಿದ್ದೀರಿ, ಮಾತು ನೆನಪಿರಲಿ. ನಾವೆಲ್ಲ ಚೆನ್ನಾಗಿದ್ದೇವೆ, ನಿಮ್ಮ ಮೈ ಜೋಪಾನ.

ನಿಮ್ಮ ದಾರಿ ಕಾಯುವ,
ಕೌಸಲ್ಯಾ

ತಾ.ಕ.: ಪಂಢರಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ, ಓಡೋಡಿ ಬರೆಯುತ್ತಿದ್ದೇನೆ. ಫೋನು ಬಂತು. ಕೂಸಾಗಿದ್ದಾಗಿನದು ಎಂದು ಹೇಳಲೆಂದೇ ಬಾಯಿ ತೆರೆದೆ. ಆದರೆ ಡಾಕ್ಟರರು ಮೊದಲು, ಅವಳ ಜಡೆ ಯಾರು ಹಾಕುತ್ತಾರೆ ಎಂದು ಕೇಳಿಬಿಟ್ಟರು. ಆಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಹೋದ ವರ್ಷದ್ದು, ಎರಡು ಸಲ ಜಾರಿದೆ ಎಂದು ಎಲ್ಲವನ್ನೂ ಹೇಳಿದೆ. ಈ ಸಲ ಬಿಡುವುದಿಲ್ಲ, ಭುಜಕ್ಕೆ ಸರಿಯಾಗಿ ಉಪಚಾರ ಮಾಡಿದರೆ ಮುಂದಿನ ವರ್ಷ ಆಡಬಹುದು ಎಂದರು. ಹನ್ನೆರಡನೆಯವಳು ಗೌಹರ. ಅತ್ತೆಯವರು, “ನೀ ತಾಯಿನೋ, ಪೊಲೀಸೋ?” ಎಂದು ಕೇಳಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಯಶೋಧರಾ ಆಗಲೇ ಫೋನು ಮಾಡಿ, “ಇನ್ನ ಊರಿಗಿ ಬರಂಗಿಲ್ಲ, ಪಪ್ಪಾನ ಬಲ್ಲಿ ಹೋಗ್ತೇನಿ” ಎಂದು ಇಟ್ಟಳು. ಆಬೇದಾ ಮೇಡಂ ಶುಕ್ರವಾರ ಬೆಳಿಗ್ಗೆ ಅವಳನ್ನು ಪುಣೆ ಸ್ಟೇಷನ್ನಿಗೆ ಕರೆತರುತ್ತಾರೆ. ಕೆಲಸ ಬಿಟ್ಟು ಹೋಗಿ ನಿಂತಿರಿ, ಅವಳ ಚೀಲ ನೀವೇ ಹಿಡಿಯಿರಿ. ನನ್ನನ್ನು ಬಯ್ಯುತ್ತಾಳೆ, ಬಯ್ಯಲಿ. ನಿಮ್ಮವ್ವ ಮಾಡಿದ್ದು ನಿನ್ನ ಒಳ್ಳೆಯದಕ್ಕೇ ಎಂದು ನನ್ನ ಪರವಾಗಿ ಮಾತಾಡಬೇಡಿ. ಅವಳ ಜೊತೆ ಸೇರಿ ನೀವೂ ನನ್ನನ್ನು ನಾಲ್ಕು ಮಾತು ಬಯ್ಯಿರಿ. ಈ ವಾರ ಅವಳ ಕಡೆ ಯಾರಾದರೂ ಒಬ್ಬರು ಇರಬೇಕು.