ದೊಡ್ಡ ಕಾಯಿಲೋ, ಸಣ್ಣದೋ

ಶಿಗ್ಲಿ
ಗುರುವಾರ, ೧೪ ಮಾರ್ಚ್ ೨೦೨೪

ಮಗಳು ಅಂಕಿತಾಳಿಗೆ ಮಾವ ಉಳವಪ್ಪನ ಆಶೀರ್ವಾದಗಳು.

ಸಂಜೆ ಐದೂವರೆ ಆಗಿದೆ. ಈಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತಿದ್ದೇನೆ. ಬೆಳಿಗ್ಗೆ ಲಕ್ಷ್ಮೇಶ್ವರದ ಅಂಗಡಿಯಲ್ಲಿ ಸುಟ್ಟ ಮೋಟಾರೊಂದನ್ನು ಬಿಚ್ಚಿದೆ. ಮಧ್ಯಾಹ್ನ ಹೊಲದಲ್ಲಿ ನಮ್ಮ ಮೌನೇಶನ ಲೋಹ ಹುಡುಕುವ ಮಷಿನ್ ಹಿಡಿದು ತಿರುಗಿದೆ. ಒಂದಿಷ್ಟು ಮೊಳೆ, ಎತ್ತಿನ ಒಂದು ಲಾಳ ಸಿಕ್ಕವು. ದಿನಚರಿಯಲ್ಲಿ ಇಷ್ಟನ್ನೇ ಬರೆದು ಮುಚ್ಚಿದೆ. ಮುಚ್ಚಿದ ಮೇಲೂ ಮನಸ್ಸು ಸುಮ್ಮನಾಗಲಿಲ್ಲ, ಅದಕ್ಕೆ ಈ ಕಾಗದ.

ಹೇಗಿದ್ದೀಯಮ್ಮಾ? ಅರ್ಧ ತಲೆನೋವು ಕಡಿಮೆಯಾಯಿತೇ? ಬಿಸಿಲಿನಲ್ಲಿ ಹೋಗುವಾಗ ತಲೆಯ ಮೇಲೆ ಸೆರಗು ಹಾಕಿಕೋ. ನಿಂತುಹೋಗಿದ್ದ ಬಿ.ಎಡ್. ಓದನ್ನು ಮತ್ತೆ ಹಿಡಿದಿದ್ದೀಯೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದರು. ಕೇಳಿ ಒಳ್ಳೆಯದಾಯಿತು ಅನ್ನಿಸಿತು. ನಿನ್ನ ತಾಯಿಯ ಮೊಣಕಾಲಿಗೆ ಎಕ್ಕದ ಎಲೆಯ ಕಾವು ಕೊಡುತ್ತಿದ್ದೀರಷ್ಟೇ? ನಿಮ್ಮ ಅತ್ತೆ ಬಿ.ಪಿ. ಗುಳಿಗೆ ಮರೆಯುವುದನ್ನು ಬಿಟ್ಟಿಲ್ಲ. ನೀನಿದ್ದಾಗ ನೀರಿನ ಲೋಟದ ಜೊತೆ ಗುಳಿಗೆಯೂ ಬರುತ್ತಿತ್ತು. ಈಗ ಲೋಟ ಒಂದೇ ಬರುತ್ತದೆ. ನಾನು ಚೆನ್ನಾಗಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಕೇಳಿದರೆ ಆ ಗಳಿಗೆಯಲ್ಲೇ ಉತ್ತರ ಹೇಳಬೇಕಾಗುತ್ತದೆ. ಮೇಲಾಗಿ ನಿಮ್ಮ ಅತ್ತೆ ಮಗ್ಗುಲಲ್ಲೇ ಕೂತು, ನನ್ನ ಮಾತು ಮುಗಿಯುವ ಮೊದಲೇ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಾಳೆ. ಕಾಗದವಾದರೆ ನೀನು ನಿಧಾನವಾಗಿ ಓದಬಹುದು.

ವಿಷಯ ಉಂಗುರದ್ದೇ. ಎಳ್ಳಮಾವಾಸ್ಯೆಯ ದಿನ ನಿನ್ನ ಬೆರಳಿನಿಂದ ಹೋದ, ಮೌನೇಶ ನಿಶ್ಚಯದಲ್ಲಿ ಹಾಕಿದ ಆ ಉಂಗುರ. ಜೋಳ ಕೊಯ್ದು ಹೊಲ ಬರಿದಾದ ಮೇಲೆ ನಾನು ಮೌನೇಶನ ಮಷಿನ್ ಹೊರಗೆ ತೆಗೆದೆ. ಪಂಚಾಯಿತಿಯ ನೀರಿನ ಕೆಲಸಕ್ಕೆ, ಮಣ್ಣಿನಲ್ಲಿ ಹೂತುಹೋದ ವಾಲ್ವು, ಪೈಪು ಹುಡುಕಲಿಕ್ಕೆ ಅವನು ತಂದಿದ್ದು ನಿನಗೆ ಗೊತ್ತೇ ಇದೆ. ಕೋಲಿನ ತುದಿಗೆ ತಟ್ಟೆಯಂಥದ್ದು ಇರುತ್ತದಲ್ಲ, ಅದನ್ನೇ ಕಾಯಿಲ್ ಎನ್ನುವುದು. ಒಳಗೆ ತಾಮ್ರದ ತಂತಿ ಸುತ್ತಿರುತ್ತದೆ. ನೆಲಕ್ಕೆ ತಾಗಿಸಿದ ಹಾಗೆ ಆಡಿಸುತ್ತ ಹೋದರೆ, ಕೆಳಗೆ ಲೋಹ ಇದ್ದಲ್ಲಿ ಕೂಗುತ್ತದೆ. ಮಷಿನ್ ಜೊತೆ ಬಂದ ಕಾಯಿಲ್ ಪೈಪಿಗೆ ಸರಿ. ಉಂಗುರಕ್ಕೆ ಅದು ಸಾಲದು. ಮೊಳೆಗೂ ಕೂಗುತ್ತದೆ, ಕೊಡಲಿಯ ಚೂರಿಗೂ ಕೂಗುತ್ತದೆ. ಅಗೆದು ಅಗೆದು ಹೊಲಕ್ಕೆ ಸಿಡುಬು ಬಂದ ಹಾಗಾಗಿದೆ.

ಇನ್ನೊಂದು ಕಾಯಿಲ್ ಬೇಕೇ ಬೇಕು ಎಂದು ಗೊತ್ತಾಯಿತು. ಜೀವಮಾನವೆಲ್ಲ ಮೋಟಾರಿನ ಕಾಯಿಲ್ ಸುತ್ತಿದವನಿಗೆ ಇದೇನು ಮಹಾ ಎಂದುಕೊಂಡು, ಪ್ಲೈವುಡ್ ತುಂಡಿನ ಮೇಲೆ ನಾನೇ ಒಂದನ್ನು ಸುತ್ತಿದೆ. ಹಚ್ಚಿದ ಕೂಡಲೇ ಮಷಿನ್ ಒಂದೇ ಸಮ ಅರಚಿತು. ಅಂಗಡಿಯಲ್ಲಿ ನನ್ನ ಜೊತೆಗಾರ ಅಝೀಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಇದೇನ್ ಬೋರಿನ ಮೋಟಾರ್ ಏನ್ರಿ? ತಾಯಿ ಬಿಟ್ಟ ಕುರಿಮರಿಗತೆ ಒದರಾಕ ಹತ್ತೇತಿ ನೋಡ್ರಿ!" ಆಮೇಲೆ ಅವನೇ ಮೊಬೈಲಿನಲ್ಲಿ ಹುಡುಕಿ, ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಹಚ್ಚಿಕೊಟ್ಟ. ಈ ಮಷಿನ್‌ಗೆ ಹೊಂದುವಂಥವು ಅಲ್ಲಿ ಎರಡು ಇವೆಯಂತೆ. ಒಂದು ಊಟದ ಗಂಗಾಳದಷ್ಟು ದೊಡ್ಡದು, ಇನ್ನೊಂದು ಅಂಗೈಯಗಲದ್ದು. ದೊಡ್ಡದು ಆಳಕ್ಕೆ ಇಳಿಯುತ್ತದೆ, ಬೇಗ ಬೇಗ ನೆಲ ಮುಗಿಸುತ್ತದೆ. ಆದರೆ ಮೊಳೆಯ ಪಕ್ಕ ಉಂಗುರ ಬಿದ್ದಿದ್ದರೆ ಎರಡನ್ನೂ ಕಲಸಿ ಒಂದೇ ಮಾಡಿ ಹೇಳುತ್ತದೆ. ಸಣ್ಣದಕ್ಕೆ ಕಣ್ಣು ಚುರುಕು, ಮೊಳೆ ಬೇರೆ ಉಂಗುರ ಬೇರೆ ಎಂದು ತಿಳಿಸುತ್ತದೆ. ಆದರೆ ಗೇಣುದ್ದದ ಕೆಳಗೆ ಅದಕ್ಕೆ ಏನೂ ಕಾಣುವುದಿಲ್ಲ. ಯಾವುದು ತಗೊಳ್ಳಲಿ ಎಂದು ಕೇಳಿದರೆ ಅಂಗಡಿಯವನು, "ಸಾಮಾನು ಎಷ್ಟು ಆಳದಾಗ ಐತಿ ಅಂತ ಮೊದಲ ಹೇಳ್ರಿ, ಆಮ್ಯಾಲ ನಾ ಕಾಯಿಲ್ ಹೇಳತೀನಿ" ಎಂದ. ಆಳ ಗೊತ್ತಿದ್ದರೆ ನಿನಗ್ಯಾಕೆ ಫೋನ್ ಮಾಡುತ್ತಿದ್ದೆ ತಮ್ಮಾ ಎಂದೆ.

ಈ ಮಾತುಕತೆಯಲ್ಲಿ ಒಂದು ತಮಾಷೆಯೂ ಆಯಿತು. ಅಝೀಮ ಮನೆಗೆ ಫೋನ್ ಮಾಡಿ "ಕಾಕಾ ಬರೂದು ತಡಾ ಆಗತೈತ್ರಿ, ದೊಡ್ಡ ಕಾಯಿಲ್ ಐತಿ, ಹುಬ್ಬಳ್ಳಿಗೆ ಕೇಳಾಕ ಹತ್ತೇವಿ" ಅಂದದ್ದು ನಿಮ್ಮ ಅತ್ತೆಗೆ "ದೊಡ್ಡ ಕಾಯಿಲೆ" ಎಂದು ಕೇಳಿಸಿದೆ. ಅಂದು ನಾನು ಮನೆಗೆ ಬಂದರೆ ಚಹಾಕ್ಕೆ ಸಕ್ಕರೆ ಇಲ್ಲ, ಊಟಕ್ಕೆ ಉಪ್ಪಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದಳು. "ನನ್ನ ಮುಂದ ಮುಚ್ಚಿಡಾಕ ನಾ ಏನ್ ಹೊರಗಿನಾಕಿ ಏನ್ರಿ? ಮಗನ್ನ ಕಳಕೊಂಡೀನಿ, ಇನ್ನ ನೀವೂ..." ಎಂದು ಅತ್ತಳು. ತಟ್ಟೆ, ತಂತಿ, ಕೋಲು ಎಲ್ಲ ತೋರಿಸಿ ಸಮಾಧಾನ ಮಾಡುವುದರಲ್ಲಿ ಸಾಕಾಯಿತು. ನಕ್ಕೆವು, ನಿಜ. ನಗುವಾಗ ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ನನಗೆ ಅಂಜಿಕೆ ಇರುವುದು ಇಲ್ಲಿಯೇ, ಅಂಕಿತಾ. ನಿಮ್ಮ ಅತ್ತೆ ಆ ಉಂಗುರದ ಮೇಲೆ ಏನೇನೋ ಕಟ್ಟಿಕೊಂಡು ಕೂತಿದ್ದಾಳೆ. ಮೌನೇಶನ ಗುರುತು ಕಳೆದೆನಲ್ಲ ಎಂಬ ಸಂಕೋಚಕ್ಕೇ ನೀನು ಮುಂಡರಗಿಯ ತವರಿಗೆ ಹೋದೆ ಎಂದು ಅವಳ ನಂಬಿಕೆ. "ಉಂಗುರ ಸಿಗಲಿ, ಯುಗಾದಿಗೆ ನಾನ ಹೋಗಿ ಅಕಿ ಬೆರಳಿಗೆ ಹಾಕಿ ಕರಕೊಂಡ ಬರತೀನಿ" ಎಂದು ಬಾಗಿಲಿಗೆ ಬಂದವರಿಗೆಲ್ಲ ಹೇಳುತ್ತಾಳೆ. ದಿನಾ ನಾನು ಹೊಲದಿಂದ ಬಂದಾಗ ಅವಳು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಅಂಗಿಯ ಕಿಸೆಯನ್ನು. ಸಿಗದಿದ್ದರೆ ಅವಳು ಏನಾಗುತ್ತಾಳೋ ಎಂದು ಒಂದು ಚಿಂತೆ. ಸಿಕ್ಕರೆ ನಿನಗೇನಾಗುತ್ತದೋ ಎಂದು ಇನ್ನೊಂದು.

ಹೊತ್ತೂ ಕಡಿಮೆ ಇದೆ. ಸೋಮವಾರ ಲಕ್ಷ್ಮಪ್ಪ ಟ್ರ್ಯಾಕ್ಟರ್ ತಂದು ದೊಡ್ಡ ನೇಗಿಲು ಹೊಡೆಯುತ್ತಾನೆ. ಆಮೇಲೆ ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ಸೋಮವಾರ ಬೇಡವೋ ಎಂದರೆ, "ಸೋಮವಾರ ಎತ್ತಿಗೆ ಬಿಡುವು. ನನ್ನ ಟ್ರ್ಯಾಕ್ಟರಿನಾಗ ಬಸವಣ್ಣ ಕುಂತಾನೇನು?" ಎನ್ನುತ್ತಾನೆ. ನಾನು ನಿಧಿ ಹುಡುಕುತ್ತಿದ್ದೇನೆ ಎಂದು ಊರಿಗೆಲ್ಲ ಸುದ್ದಿ ಹಬ್ಬಿಸಿದವನೂ ಅವನೇ. ಇವತ್ತು ಬದುವಿನ ಮೇಲೆ ನಿಂತು, "ಏನಪಾ ಉಳವಪ್ಪ, ಕೊಪ್ಪರಿಗಿ ಸಿಕ್ತೇನು? ಸಿಕ್ರ ಒಂದ್ ಬೊಗಸಿ ನಮ್ಮ ಕಡಿ ಒಗಿ" ಎಂದ. ಹೌದಪ್ಪಾ, ನಿನಗೆ ಒಂದು ಲಾಳ ಇಟ್ಟಿದ್ದೇನೆ, ಕಾಲಿಗೆ ಬಡಿಸಿಕೋ ಎಂದೆ. ಹುಬ್ಬಳ್ಳಿಯವನು ಎರಡೂ ಕಾಯಿಲ್‌ಗಳನ್ನು ನಾಳೆ ಸಂಜೆಯವರೆಗೆ ತೆಗೆದಿಟ್ಟಿರುತ್ತಾನೆ. ಯಾವುದೆಂದು ಹೇಳಿದರೆ ಬಸ್ಸಿಗೆ ಹಾಕುತ್ತಾನೆ, ಶನಿವಾರ ಕೈಗೆ ಬರುತ್ತದೆ. ಒಂದನ್ನೇ ತರಿಸುವುದು ಎಂದು ನಾನು ನಿರ್ಧರಿಸಿದ್ದೇನೆ. ಎರಡನ್ನೂ ಆಡಿಸಿ ನೋಡುವಷ್ಟು ದಿನಗಳು ಉಳಿದಿಲ್ಲ.

ಅದಕ್ಕೇ ಅಂದಿನ ದಿನವನ್ನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಪ್ರತಿ ವರ್ಷ ಪೂಜೆಯ ಎಡೆಯನ್ನು ಹೊಲದ ತುಂಬ ತೂರಿ ಭೂಮಿತಾಯಿಗೆ ಚರಗ ಚೆಲ್ಲುವವನು ಮೌನೇಶ, ಹಿಂದೆ ತಂಬಿಗೆಯಿಂದ ನೀರು ಹಾಕುತ್ತ ಹೋಗುವವಳು ನೀನು. ಶ್ರಾವಣದಲ್ಲಿ ಆ ಜ್ವರ ಅವನನ್ನು ಕರೆದೊಯ್ದ ಮೇಲೆ ಈ ವರ್ಷ ಚರಗವೇ ಬೇಡ ಎಂದಿದ್ದೆ ನಾನು. "ನಮಗ ಸೂತಕ ಇರಬೌದು, ಬಸರಾದ ಭೂಮಿಗೆ ಉಪವಾಸ ಯಾಕ?" ಎಂದು ನಿಮ್ಮ ಅತ್ತೆ ಬೆಳಗಾಗೆದ್ದು ಕಡುಬು, ಹೋಳಿಗೆ, ಪುಂಡಿಪಲ್ಲೆ ಎಲ್ಲ ಮಾಡಿದಳು. ಬನ್ನಿಯ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಚೆಲ್ಲುವವರು ಯಾರು ಎಂದು ಎಲ್ಲರೂ ನೆಲ ನೋಡುತ್ತ ನಿಂತಾಗ ನೀನೇ ಬುಟ್ಟಿ ಎತ್ತಿಕೊಂಡೆ. ನಾನು ತಂಬಿಗೆ ಹಿಡಿದು ಹಿಂದೆ ಬಂದೆ. ಜೋಳ ಆಳೆತ್ತರ ಇತ್ತು. ನನಗೆ ನೀನು ಕಾಣುತ್ತಿರಲಿಲ್ಲ. ತೆನೆಗಳ ಮೇಲೆ ಏಳುವ ನಿನ್ನ ಕೈ ಕಾಣುತ್ತಿತ್ತು, "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುವ ನಿನ್ನ ದನಿ ಕೇಳುತ್ತಿತ್ತು. ಹೊಲ ಸುತ್ತಿ ಬನ್ನಿಗೆ ತಿರುಗಿ ಬಂದಾಗ ನೀನು ಬೆರಳು ತೋರಿಸಿ, "ಉಂಗುರ ಹೋತ್ರಿ ಮಾವಾರ" ಎಂದೆ. ತುಪ್ಪದ ಕೈ, ಜಾರಿತು ಎಂದರು ಎಲ್ಲರೂ.

ಚರಗದ ತುತ್ತಿನ ಜೊತೆ ಹಾರಿದ್ದರೆ ಉಂಗುರ ದೂರ ಬಿದ್ದಿರುತ್ತದೆ, ಕೂಳೆಯ ನಡುವೆ, ಮೇಲೆಯೇ. ಅದಕ್ಕೆ ಸಣ್ಣ ಕಾಯಿಲ್ ಬೇಕು. ಸುಮ್ಮನೆ ಕೈಯಿಂದ ಕೆಳಗೆ ಉದುರಿದ್ದರೆ ನಮ್ಮ ಎರೆಹೊಲದ ಬಿರುಕು ನುಂಗಿರುತ್ತದೆ. ಆ ದಿನಗಳಲ್ಲಿ ಅಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಇದ್ದವು. ಹಾಗಾದರೆ ದೊಡ್ಡದೇ ಬೇಕು. ನನ್ನ ತಲೆಗೆ ಎರಡೂ ಹೌದೆನ್ನಿಸುತ್ತದೆ, ಎರಡೂ ಅಲ್ಲವೆನ್ನಿಸುತ್ತದೆ. ಯಾಕೆಂದರೆ ಆ ಉಂಗುರ ಜಾರುವಂಥದ್ದಾಗಿರಲಿಲ್ಲ. ದುಃಖದಲ್ಲಿ ನಿನ್ನ ಬೆರಳು ಸೊರಗಿ, "ಸಡ್ಲ ಆಗೇತ್ರಿ ಮಾವಾರ" ಎಂದು ನೀನು ಅಂಗಡಿಗೆ ಬಂದಿದ್ದೆಯಲ್ಲ, ಆಗ ಮೋಟಾರ್ ಕಟ್ಟುವ ದಾರದಿಂದ ನಾನೇ ಒತ್ತೊತ್ತಾಗಿ ಸುತ್ತಿ, ಗಂಟು ಹಾಕಿ, ವಾರ್ನಿಷ್ ಕುಡಿಸಿದ್ದೆ. ಒಣಗುವವರೆಗೆ ನೀನು ಬಾಗಿಲ ಬಿಸಿಲಿಗೆ ಉಂಗುರ ಹಿಡಿದು ಕೂತಿದ್ದೆ. "ವೈನಿ, ಇನ್ನ ಇದು ಸುಡಂಗಿಲ್ಲ, ನಮ್ಮ ಅಂಗಡಿ ಗ್ಯಾರಂಟಿ ಐತಿ" ಎಂದು ಅಝೀಮ ನಗಿಸಿದ್ದ. ಶ್ರಾವಣದ ನಂತರ ನೀನು ನಕ್ಕದ್ದನ್ನು ನಾನು ಕಂಡಿದ್ದು ಅಂದೇ.

ಹಾಗಾಗಿ ನೆನಪು ಮಾಡಿಕೊಂಡು ಹೇಳು. ಕೈ ಹಗುರಾದದ್ದು ಎಲ್ಲಿ? ತೂರುವಾಗಲೋ, ನಿಂತಿದ್ದಾಗಲೋ?

ಅಝೀಮ ಮುಂಡರಗಿಗೆ ರಿಪೇರಿ ಮಾಡಿದ ಮೋಟಾರೊಂದನ್ನು ಮುಟ್ಟಿಸಲು ಬರುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ. ರೋಜಾ ಹಿಡಿದಿದ್ದಾನೆ, ಊಟಕ್ಕೆ, ನೀರಿಗೆ ಒತ್ತಾಯ ಮಾಡಬೇಡಿ. ಜೊತೆಗೆ ನಿಮ್ಮ ಅತ್ತೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ, ಡಬ್ಬಿ ವಾಪಸ್ ಬೇಕಂತೆ. ಬೀಗರಿಬ್ಬರಿಗೂ ನಮ್ಮ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಓದು, ತಲೆನೋವು ಬಂದ ದಿನ ಪುಸ್ತಕ ಮುಚ್ಚು.

ನಿನ್ನ ಒಳಿತನ್ನೇ ಬಯಸುವ
ಮಾವ, ಉಳವಪ್ಪ

ತಾ.ಕ.: ನಿಮ್ಮ ಅತ್ತೆ ಹಾಲಿಗೆ ಹೋಗಿದ್ದಾಳೆ, ಬರುವುದರೊಳಗೆ ಇದಿಷ್ಟು ಬರೆದುಬಿಡುತ್ತೇನೆ. ಮೊನ್ನೆ ಬನ್ನಿಯ ಬುಡದಲ್ಲಿ ಮಷಿನ್ ಕೂಗಿತು. ಐದು ಕಲ್ಲುಗಳಲ್ಲಿ ನಡುವಿನದನ್ನು ಎತ್ತಿದೆ. ಕೂಗಿದ್ದು ಯಾವುದೋ ಬಾಟಲಿಯ ಮುಚ್ಚಳ. ಅದರ ಮಗ್ಗುಲಲ್ಲಿ ನಾನು ಸುತ್ತಿದ್ದ ದಾರ ಇತ್ತು. ವಾರ್ನಿಷ್ ಕುಡಿದ ದಾರ, ಉಂಗುರದ ಸುತ್ತು ಇನ್ನೂ ಬಿಟ್ಟಿರಲಿಲ್ಲ. ಹರಿದಿಲ್ಲ, ಸವೆದಿಲ್ಲ. ಗಂಟನ್ನು ಉಗುರಿನಿಂದ ಬಿಡಿಸಿ, ಒಂದೊಂದೇ ಸುತ್ತು ಬಿಚ್ಚಿ, ಕಲ್ಲಿನ ಕೆಳಗೆ ಇಟ್ಟದ್ದು. ತಾನಾಗಿ ಹರಿದ ಸುತ್ತು ಯಾವುದು, ಕೈಯಿಂದ ಬಿಚ್ಚಿದ ಸುತ್ತು ಯಾವುದು ಎಂದು ನನಗೆ ತಿಳಿಯುತ್ತದೆ ತಾಯೀ, ನನ್ನ ಅನ್ನವೇ ಅದು. ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೋಳಿಗೆ ಮಾಡುವಾಗ ಕೈಗೆ ತೊಡಕೆಂದು ದಾರ ಬಿಚ್ಚಿಟ್ಟಿದ್ದೆಯೇನೋ, ನನ್ನ ಊಹೆ ತಪ್ಪಿರಬಹುದು. ತಪ್ಪಿದ್ದರೆ ಮುದುಕನ ಮಾತೆಂದು ಮರೆತುಬಿಡು. ಆದರೆ ನೀನೇ ಉಂಗುರವನ್ನು ಮೌನೇಶನ ಹೊಲಕ್ಕೆ ಕೊಟ್ಟಿದ್ದರೆ, ಅದು ನಿನ್ನ ಚರಗ. ಚೆಲ್ಲಿದ ಚರಗವನ್ನು ಯಾರೂ ಆರಿಸಿ ಮನೆಗೆ ತರುವುದಿಲ್ಲ. ನಾನೂ ತರುವುದಿಲ್ಲ. ಅಝೀಮನ ಹತ್ತಿರ ಒಂದೇ ಮಾತು ಹೇಳಿ ಕಳಿಸು: ದೊಡ್ಡದು, ಸಣ್ಣದು, ಇಲ್ಲವೇ ಬೇಡ. ಅವನು ಕಾಯಿಲ್ ವಿಷಯ ಎಂದುಕೊಳ್ಳುತ್ತಾನೆ. ಬೇಡ ಎಂದರೆ ಈ ಮಷಿನ್‌ಗೆ ಹೊಂದುವ ಕಾಯಿಲ್ ಎಲ್ಲೂ ಸಿಗುವುದಿಲ್ಲವಂತೆ ಎಂದು ನಿಮ್ಮ ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ. ಡೇರಿಯಿಂದ ಬಂದಳು, ಚಪ್ಪಲಿಯ ಸದ್ದಾಯಿತು. ನಾಳೆ ಶುಕ್ರವಾರ, ಅಝೀಮ ಮುಂಡರಗಿಯಲ್ಲೇ ನಮಾಜ್ ಮುಗಿಸಿಕೊಂಡು ನಿಮ್ಮ ಮನೆಗೆ ಬರುತ್ತಾನೆ.