ಹೆದರಿದ ನಾಲಿಗೆ

ಮುಳ್ಳಯ್ಯನಗಿರಿ, ನೆತ್ತಿಮಟ್ಟ
ಇಸವಿ ೨೪೬೩, ಎರಡನೇ ಬೇಸಿಗೆಯ ಐವತ್ತೊಂದನೇ ತಾರೀಖು

ನಮ್ಮ ಹಿಂದಿನವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆಯಂತೆ, ನಮಗೆ ಎರಡು. ನಿಧಾನವಾಗಿ, ಮರ್ಯಾದೆಯಿಂದ ಬರೆಯಬೇಕೆಂದು ಕೂತೆ. ಆಗುತ್ತಿಲ್ಲ, ಏನು ಮಾಡಲಿ! ಪಕ್ಕದಲ್ಲಿ ಮೊಮ್ಮಗಳು ತುಂಬೆ ಜ್ವರದಲ್ಲಿ ಕೆಂಡದಂತೆ ಸುಡುತ್ತಿದ್ದಾಳೆ.

ನಾವು ಜ್ವರ ಇಳಿಸುವ ಜ್ವರಗಡ್ಡೆ ಬೆಳೆಯುವವರು. ಬೆಟ್ಟದ ಬುಡದಿಂದ ನೆತ್ತಿಯವರೆಗೆ ಪಾತಿ ಮಾಡಿದ್ದೇವೆ. ಒಂದೊಂದು ಎತ್ತರಕ್ಕೂ ಮಟ್ಟ ಎನ್ನುತ್ತೇವೆ. ಈ ಗಡ್ಡೆ ಮಹಾ ಕಿಲಾಡಿ. ಬುಡದ ಮಟ್ಟದ್ದನ್ನು ಇಡಿಯಾಗಿ ಬೇಯಿಸಿ ಮಕ್ಕಳಿಗೆ ತಿನ್ನಿಸಬಹುದಿತ್ತು. ನಡುಮಟ್ಟದ್ದಾದರೆ ಅಡಿಕೆ ಹೋಳಿನಷ್ಟು. ಅದಕ್ಕೂ ಮೇಲಿನದು ಉಗುರಿನ ಚೂರಿನಷ್ಟೇ. ಅದೇ ಗಡ್ಡೆ, ಆದರೆ ಎತ್ತರ ಏರಿದಂತೆ ಔಷಧಿಯೇ ವಿಷವಾಗುತ್ತದೆ. "ಮಟ್ಟ ಏರಿದರೆ ಅಳತೆ ಇಳಿಸು" ಎನ್ನುವುದನ್ನು ನಾವು ತೊಟ್ಟಿಲಲ್ಲೇ ಕಲಿಯುತ್ತೇವೆ.

ನಿಮ್ಮಲ್ಲಿ ಸೂಲಗಿತ್ತಿ ಇದ್ದಂತೆ ನಮ್ಮಲ್ಲಿ ರುಚಿಗಿತ್ತಿ ಇರುತ್ತಾಳೆ. ಹೊಸ ಮಟ್ಟದ ಗಡ್ಡೆಯ ಚೂರನ್ನು ನಾಲಿಗೆಯ ಮೇಲಿಟ್ಟು, ನಾಲಿಗೆ ಎಷ್ಟು ಬೇಗ ಮರಗಟ್ಟುತ್ತದೆಂದು ನೋಡಿ, ರೋಗಿಗೆ ಎಷ್ಟು ಕೊಡಬೇಕೆಂದು ಹೇಳುವವಳು ಅವಳು. ಆ ಕೆಲಸ ನನ್ನದು. ಆದರೆ ಒಂದು ಕಟ್ಟಳೆಯಿದೆ: ತನ್ನ ಮನೆಯ ರೋಗಿಗಾಗಿ ರುಚಿಗಿತ್ತಿ ರುಚಿ ನೋಡಬಾರದು. ಏಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಬೇಸಿಗೆಯಲ್ಲಿ ಕೆಳಗಿನ ಪಾತಿಗಳೆಲ್ಲ ಸುಟ್ಟುಹೋದವು. ಉಳಿದದ್ದು ನೆತ್ತಿಯ ಪಾತಿಯೊಂದೇ. ಅದರಲ್ಲಿ ಇದೇ ಮೊದಲ ಫಸಲು. ಅದರ ಅಳತೆ ಯಾರಿಗೂ ಗೊತ್ತಿಲ್ಲ. ಊರಲ್ಲಿದ್ದ ಇನ್ನೊಬ್ಬ ರುಚಿಗಿತ್ತಿ ಇದೇ ಜ್ವರಕ್ಕೆ ತೀರಿಕೊಂಡಳು. ಮಗಳು ಸುರಗಿ ಗಡ್ಡೆ ಕಿತ್ತು ತಂದು ನನ್ನ ಮುಂದಿಟ್ಟಳು. "ಕಟ್ಲೆ ಗಿಟ್ಲೆ ಆಮೇಲ್ ನೋಡ್ಕಳಣ ಕಣವ್ವ. ನೀನ್ ನೋಡ್ದೆ ಇನ್ಯಾರ್ ನೋಡ್ತಾರೆ?" ಎಂದಳು. ಅದೂ ನಿಜವೇ.

ಮೊದಲು ಉಪ್ಪಿನ ಹರಳು ಇಟ್ಟು ನಾಲಿಗೆ ಸರಿಯಿದೆಯೇ ಎಂದು ನೋಡುವುದು ಪದ್ಧತಿ. ಇಟ್ಟೆ. ಅಯ್ಯೋ ಶಿವನೇ, ಉಪ್ಪೇ ತಿಳಿಯಲಿಲ್ಲ! ಬಾಯಿ ಒಣಗಿ, ಹೆದರಿಕೆಗೇ ನಾಲಿಗೆ ಮರಗಟ್ಟಿತ್ತು. ಕಟ್ಟಳೆ ಏಕಿತ್ತೆಂದು ಆಗ ಅರ್ಥವಾಯಿತು. ಆದರೂ ಗಡ್ಡೆಯ ಚೂರು ಇಟ್ಟು ನೋಡಿದೆ; ಏನೂ ಗೊತ್ತಾಗಲಿಲ್ಲ. ಹೆಚ್ಚಾದರೆ ಗಡ್ಡೆ ಕೊಲ್ಲುತ್ತದೆ, ಕಡಿಮೆಯಾದರೆ ಜ್ವರ ಕೊಲ್ಲುತ್ತದೆ, ಇನ್ನೊಮ್ಮೆ ಕೊಟ್ಟು ನೋಡುವಷ್ಟು ಹೊತ್ತು ಮಗುವಿಗಿಲ್ಲ. "ಎಷ್ಟವ್ವಾ?" ಎಂದು ಸುರಗಿ ಮತ್ತೆ ಮತ್ತೆ ಕೇಳುತ್ತಿದ್ದಾಳೆ. ನನಗೆ ಭಯವಾಗುತ್ತಿದೆ.

ಅದಕ್ಕೇ ನಿಮ್ಮನ್ನು ಬೇಡುತ್ತೇನೆ. ನಿಮ್ಮ ಕಾಲದಲ್ಲಿ ಬುಡದಲ್ಲೂ ಗಡ್ಡೆ ಇದೆ, ಅವಸರವಿಲ್ಲ. ಒಂದು ಗಡ್ಡೆಯನ್ನು ಈಗಲೇ ನೆತ್ತಿಗೆ ಒಯ್ದು ನೆಡಿ. ನಿಮ್ಮ ಮನೆಯಲ್ಲಿ ಯಾರಿಗೂ ಜ್ವರವಿಲ್ಲದ ದಿನ, ಹೆದರದ ನಾಲಿಗೆಯಿಂದ ಅದರ ಅಳತೆ ನೋಡಿ. ನಮ್ಮ ಪಾತಿಯ ಪಕ್ಕದಲ್ಲಿ ಆನೆಬೆನ್ನಿನಂಥ ಬಂಡೆಯಿದೆ, ನಿಮ್ಮ ಕಾಲದಲ್ಲೂ ಇದ್ದೇ ಇರುತ್ತದೆ. ಆ ಅಳತೆಯನ್ನು ಅದರ ಮೇಲೆ ಆಳವಾಗಿ ಕೆತ್ತಿಡಿ. ನೀವು ಅಂದು ಕೆತ್ತಿದ್ದು ನನಗೆ ಇಂದು ಕಾಣಲಿ.

ಇವತ್ತು ಬೆಳಿಗ್ಗೆ ನೋಡಿದಾಗ ಬಂಡೆಯ ಮೇಲೆ ಏನೂ ಇರಲಿಲ್ಲ. ಈ ಕಾಗದ ಮುಗಿಸಿ, ಇನ್ನೊಮ್ಮೆ ಹೋಗಿ ನೋಡುತ್ತೇನೆ.

ರಂಜೆ